ಮಾವನವರ ಶಲ್ಯದ ಹುಬ್ಬಳ್ಳಿ ಪ್ರಯಾಣ

ನಮ್ಮೂರಿನ ಬಸ್ಸಿಗೆ ಮನುಷ್ಯರಿಗಿಂತ ಮೊದಲು ಬಟ್ಟೆಗಳು ಹತ್ತುತ್ತವೆ. ಬೆಳಿಗ್ಗೆ ಹುಬ್ಬಳ್ಳಿಯಿಂದ ಬಂದ ಬಸ್ಸು ಊರಬಾಗಿಲಾದ ಅಗಸಿಯ ಮುಂದೆ ಧೂಳೆಬ್ಬಿಸಿಕೊಂಡು ತಿರುಗುವಾಗಲೇ ಜನ ಅದರ ಬಾಜು ಓಡುತ್ತ, ಕೈಗೆ ಸಿಕ್ಕಿದ್ದನ್ನು ಕಿಟಕಿಯೊಳಗೆ ಒಗೆಯುತ್ತಾರೆ. ಟವೆಲ್ಲು, ದಸ್ತಿ, ಸಂತೆಯ ಚೀಲ, ಕೂಸಿನ ಕುಲಾಯಿ. ಒಮ್ಮೆ ಯಾರೋ ಒಂದು ಕಾಲಿನ ಚಪ್ಪಲಿಯನ್ನೇ ಒಗೆದು, ಇನ್ನೊಂದು ಕಾಲಲ್ಲಿ ಕುಂಟುತ್ತ ಹತ್ತಿದ್ದರು. ಯಾವ ಸೀಟಿನ ಮೇಲೆ ಯಾರದು ಬಿತ್ತೋ ಆ ಸೀಟು ಅವರದು. ಇದನ್ನು ಸರಕಾರ ಎಲ್ಲೂ ಬರೆದಿಲ್ಲ, ಹಾಗಾಗಿ ಎಲ್ಲರೂ ಪಾಲಿಸುತ್ತಾರೆ.

ಎಲ್ಲರೂ ಅಂದರೆ ಸುಳ್ಳಾದೀತು. ಬಟ್ಟೆಯಲ್ಲೂ ದೊಡ್ಡದು, ಸಣ್ಣದು ಅಂತ ಇದೆ. ಜರಿ ಅಂಚಿನ ಶಲ್ಯ ಬಿದ್ದರೆ ಅದರ ಧಣಿ ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಆರಾಮ ನಡೆದು ಬರುವವರೆಗೂ ಸೀಟು ಖಾಲಿ ಇರುತ್ತದೆ. ಅಂಗಡಿಕಾರರ ಬಿಳಿ ಟವೆಲ್ಲಿಗೆ ಸ್ವಲ್ಪ ಮರ್ಯಾದೆಯುಂಟು. ಮಾಸ್ತರರ ದಸ್ತಿಗೆ ಮರ್ಯಾದೆ ಸಿಗಬೇಕೆಂದರೆ ಮಾಸ್ತರರು ಕಣ್ಣೆದುರಿಗಿರಬೇಕು. ಹೆಂಗಸರ ಕರ್ಚೀಫಿಗೆ ಅದೂ ಇಲ್ಲ. ಇನ್ನು ಊರ ಕಡೇ ಓಣಿಯವರು ಏನು ಒಗೆದರೂ, “ಯಾರದಲೇ ಈ ಅರಿವಿ?” ಎಂದು ಎರಡು ಬೆರಳಲ್ಲಿ ಎತ್ತಿ ಕೆಳಗೆ ಹಾಕುತ್ತಾರೆ. ಆಮೇಲೆ ಸೀಟು ಒರೆಸಿಕೊಂಡು ಕೂಡುವವರನ್ನೂ ನಾನು ಕಂಡಿದ್ದೇನೆ.

ನಾನು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಯರಗುಪ್ಪಿ ಕಡೆಯ ಈ ಕಪ್ಪು ಎರಿ ನೆಲದ ಊರಿಗೆ ಸೊಸೆಯಾಗಿ ಬಂದವಳು. ಮಾವನವರು ಊರ ಗೌಡರು. ಗೌಡಕಿ ಅನ್ನುವುದು ಕಾಗದದ ಮೇಲೆ ಯಾವಾಗಲೋ ಹೋಗಿದೆ, ಆದರೆ ಹೋದ ಸುದ್ದಿ ನಮ್ಮ ಊರಿಗೆ ಇನ್ನೂ ಮುಟ್ಟಿಲ್ಲ. ಮನೆಯಲ್ಲಿ ಕಾರಿದೆ. ಅದು ಮಾವನವರು ಎಲ್ಲಿಗೂ ಹೋಗದ ದಿನವೂ ಬಾಗಿಲಲ್ಲಿ ನಿಂತಿರಬೇಕು, ನಿಲ್ಲುವುದೇ ಅದರ ಕೆಲಸ. ನನಗೆ ಬಸ್ಸು. ಅದರಲ್ಲೂ ನಾನು ಓಡಬೇಕಾಗಿಲ್ಲ, ಏನೂ ಒಗೆಯಬೇಕಾಗಿಲ್ಲ. “ಗೌಡ್ರ ಸೊಸಿ ಬಂದ್ರು, ದಾರಿ ಬಿಡ್ರಿ” ಅನ್ನುತ್ತ ಜನರೇ ಸರಿಯುತ್ತಾರೆ. ಮುಂದಿನಿಂದ ಎರಡನೆಯ ಸಾಲಿನ ಕಿಟಕಿ ಸೀಟು ನನ್ನದು. ಮೊದಮೊದಲು ಇದು ನನ್ನ ಪಾಠದ ಮೇಲಿನ ಗೌರವ ಅಂದುಕೊಂಡಿದ್ದೆ. ನನ್ನ ಜಾಣತನಕ್ಕೆ ಏನನ್ನಬೇಕೋ!

ಹೆಣ್ಣುಮಕ್ಕಳಿಗೆ ಟಿಕೆಟ್ಟು ಪುಕ್ಕಟೆಯಾದ ಮೇಲಂತೂ ಬಸ್ಸಿನೊಳಗೆ ಗಾಳಿಗೂ ಜಾಗವಿಲ್ಲ. ನನ್ನ ಮುಂದಿನ ಸಾಲಿನಲ್ಲಿ, “ಮಹಿಳೆಯರಿಗೆ” ಎಂದು ಕೆಂಪಕ್ಷರದಲ್ಲಿ ಬರೆದಿದೆಯಲ್ಲ, ಸರಿಯಾಗಿ ಅದರ ಬುಡದಲ್ಲೇ, ಒಬ್ಬ ಕಾಕಾ ದಿನವೂ ಕೂಡುತ್ತಿದ್ದರು. ಹುಬ್ಬಳ್ಳಿಯ ದಲಾಲಿ ಅಂಗಡಿಯೊಂದಕ್ಕೆ ಹೋಗುವವರು. ಎದ್ದೇಳಿ ಎಂದು ಯಾರಾದರೂ ಹೆಂಗಸರು ಅಂದರೆ ಅವರ ಉತ್ತರ ತಯಾರಿರುತ್ತಿತ್ತು. “ರೊಕ್ಕಾ ಕೊಟ್ಟಾವ ನಿಂದರಬೇಕು, ಫುಕಟ್ ಬಂದಾಕಿ ಕೂಡಬೇಕು? ಯಾವ ನ್ಯಾಯ ಬೇ ಇದು?” ಅವರ ಸುತ್ತ ಕೂತ ಗಂಡಸರೆಲ್ಲ ಹೌದ್ರಿ, ಹೌದ್ರಿ ಅನ್ನುತ್ತಿದ್ದರು. ಈ ಮಂದಿಯ ಹೆಂಡಂದಿರು ಅದೇ ಫುಕಟ್ ಬಸ್ಸಿನಲ್ಲಿ ತವರಿಗೆ ಹೋಗಿಬರುತ್ತಿದ್ದರು, ಆ ಮಾತು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ನನ್ನ ಸೀಟಿನ ಬಾಜು, ಕಂಬಿ ಹಿಡಿದು ದಿನಾ ನಿಲ್ಲುತ್ತಿದ್ದವಳು ಕಡೇ ಓಣಿಯ ಒಬ್ಬ ಹೆಣ್ಣುಮಗಳು. ಹುಬ್ಬಳ್ಳಿಯ ಸೀರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸಿ, ಅವರು ಎದ್ದು ಹೋದ ಮೇಲೆ ಮತ್ತೆ ಮಡಚುವುದು ಅವಳ ಕೆಲಸ. ಅವಳ ಗಂಡ ನಮ್ಮ ಹೊಲದಲ್ಲಿ ದುಡಿಯುತ್ತಾನೆ. ಹೊಟ್ಟೆ ಕಾಣತೊಡಗಿದಾಗ ನಾನೇ ಕೇಳಿದೆ. ಅವಳು ಹೊಯ್ದಾಡುವ ಬಸ್ಸಿನಲ್ಲಿ ಒಂದು ಕೈ ಕಂಬಿಗೆ, ಒಂದು ಕೈ ಹೊಟ್ಟೆಗೆ ಕೊಟ್ಟುಕೊಂಡೇ ಹೇಳಿದಳು.

“ಹೋದ ವರ್ಷ ಒಂದು ಹೋತ್ರಿ ಅಕ್ಕಾರ. ಡಾಕ್ಟರ್ ಬಾಯಾರು ಈ ಸಲ ಬಸ್ಸಿನ್ಯಾಗ ನಿಂತು ಅಡ್ಡ್ಯಾಡಬ್ಯಾಡ ಅಂದಾರ. ಅಂಗಡ್ಯಾಗ ಏನ ತ್ರಾಸಿಲ್ರಿ, ಗಾದಿ ಮ್ಯಾಲೆ ಕುಂತು ಕೆಲಸ. ಈ ಬಸ್ಸಿಂದೊಂದ ನನಗ ಹೆದರಿಕಿ.”

“ಹಂಗಾರ ರಜಾ ಹಾಕವಾ.”

“ರಜಾ ಹಾಕಿದ್ರ ಆ ಗಾದಿ ಮ್ಯಾಲೆ ಮತ್ತೊಬ್ಬಾಕಿ ಕುಂದರತಾಳ್ರಿ” ಎಂದು ನಕ್ಕಳು.

ನಾನು ತಟ್ಟನೆ ಎದ್ದು ನಿಂತೆ. ಕೂಡು ಅಂದೆ. ಅವಳು ಬೆಂಕಿ ಕಂಡವಳ ಹಾಗೆ ಹಿಂದೆ ಸರಿದಳು. “ಅಯ್ಯ, ನೀವ ನಿಂತು ನಾ ಕೂಡೂದೇನ್ರಿ? ನಾಳೆ ನಮ್ಮ ಮನ್ಯಾರು ನಿಮ್ಮ ಹೊಲಕ್ಕ ಯಾ ಮಾರಿ ಹೊತ್ತುಕೊಂಡ ಬರಬೇಕ್ರಿ?” ಮುಂದಿನ ಸೀಟಿನ ಕಾಕಾ ತಿರುಗಿ, “ಅಕ್ಕಾರ, ನಿಮಗ್ಯಾಕ ಬೇಕಿತ್ರಿ ಇದು, ಕೂಡ್ರಿ ಕೂಡ್ರಿ” ಎಂದು ನನಗೆ ಬುದ್ಧಿ ಹೇಳಿದರು. ತಾವು ಮಾತ್ರ ಅಲುಗಲಿಲ್ಲ. ನಾನು ಎದ್ದದ್ದಕ್ಕೆ ಇಡೀ ಬಸ್ಸು ಅವಳನ್ನೇ ದುರುಗುಟ್ಟಿ ನೋಡಿತು. ಸೀಟು ಕಸಿದುಕೊಂಡವಳು ಅವಳೇ ಎನ್ನುವ ಹಾಗೆ. ನನಗೆ ಉರಿದು ಹೋಯಿತು, ಆದರೆ ಮತ್ತೆ ಕೂತೆ.

ಮರುದಿನದಿಂದ ನನ್ನ ಬಾಜು ಸೀಟಿನ ಮೇಲೆ ಕರ್ಚೀಫು ಇಟ್ಟು ನೋಡಿದೆ. ಯಾರೋ ಅದನ್ನೆತ್ತಿ, “ನಿಮ್ದೇನ್ರಿ ಅಕ್ಕಾರ, ಬಿದ್ದಿತ್ತು” ಎಂದು ಮರ್ಯಾದೆಯಿಂದ ಕೈಗೆ ಕೊಟ್ಟು ಕೂತರು. ವ್ಯಾನಿಟಿ ಬ್ಯಾಗು ಇಟ್ಟೆ. ಅದನ್ನೂ ನನ್ನ ತೊಡೆಯ ಮೇಲೆ ಜ್ವಾಕಿಯಿಂದ ಇಟ್ಟರು. ಮಕ್ಕಳ ಉತ್ತರಪತ್ರಿಕೆಯ ಕಟ್ಟು ಇಟ್ಟಾಗ ಒಬ್ಬಾತ ಅದರ ಮೇಲೆಯೇ ಕೂತ. ಆ ತರಗತಿಯ ಮಕ್ಕಳೆಲ್ಲ ಹೇಗೆ ಬರೆದಿದ್ದರೆಂದರೆ, ಅವನ ಮೇಲೆ ನನಗೆ ಸಿಟ್ಟೂ ಬರಲಿಲ್ಲ.

ಆಗ ಹೊಳೆದದ್ದು ಮಾವನವರ ಶಲ್ಯ. ನಮ್ಮ ಮನೆಯ ಕಪಾಟಿನಲ್ಲಿ ಅವರ ಶಲ್ಯಗಳು ಇಸ್ತ್ರಿಯಾಗಿ ಒಂದರ ಮೇಲೊಂದು ಕೂತಿರುತ್ತವೆ. ಬಿಳಿ ಬಟ್ಟೆ, ಅಂಗೈಯಗಲದ ಜರಿ ಅಂಚು. ಆ ಅಂಚನ್ನು ನಮ್ಮೂರಿನ ನಾಯಿಗಳೂ ಗುರುತು ಹಿಡಿಯುತ್ತವೆ. ಒಂದನ್ನು ಮೆಲ್ಲಗೆ ಎಳೆದು ಊಟದ ಡಬ್ಬಿಯ ಚೀಲಕ್ಕೆ ಸೇರಿಸಿದೆ. ಬಸ್ಸು ಹತ್ತಿ ಬಾಜು ಸೀಟಿನ ಮೇಲೆ ಹಾಸಿದೆ. ಜನ ನುಗ್ಗಿದರು, ಶಲ್ಯ ಕಂಡರು, ಅಲ್ಲಿಗೇ ನಿಂತರು. ಕಾಲು ಕೂಡ ತಾಗದಂತೆ ಅದರ ಸುತ್ತ ಒಂದಿಷ್ಟು ಜಾಗ ಬಿಟ್ಟು ನಿಂತರು. ಬಸ್ಸು ಹೊರಟು ಅಗಸಿ ದಾಟಿದ ಮೇಲೆ ನಾನು, “ಮಾವಾರು ಇವತ್ತ ಬರಂಗಿಲ್ಲ ಅನಸ್ತೈತಿ” ಎಂದು ಶಲ್ಯ ಮಡಚಿ, ಮೊಣಕೈಯ ಹತ್ತಿರ ನಿಂತಿದ್ದ ಅವಳಿಗೆ, “ಸೀಟ ಖಾಲಿ ಐತಿ, ಕೂಡವಾ” ಅಂದೆ. ಖಾಲಿ ಬಿದ್ದ ಸೀಟು, ಹೆಂಗಸಿನ ಬಾಜು, ಹತ್ತಿರ ನಿಂತವಳೂ ಹೆಂಗಸು. ಯಾರೂ ತಕರಾರು ತೆಗೆಯುವಂತಿರಲಿಲ್ಲ. ಅವಳು ಕೂತಳು. ಕೂತು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಹೀಗೆ ಶಲ್ಯ ದಿನಾ ನನ್ನ ಸಂಗಡ ಅಗಸಿಯವರೆಗೆ ಮೆರವಣಿಗೆ ಹೋಗತೊಡಗಿತು. ವಾರ ಕಳೆಯಿತು, ತಿಂಗಳಾಯಿತು. ಅವಳ ಮುಖಕ್ಕೆ ಬಣ್ಣ ಬಂತು. ಡಾಕ್ಟರು ಕೂಸಿನ ಎದೆಬಡಿತ ಕೇಳಿಸಿದರಂತೆ, ಅದನ್ನು ಬಾಯಲ್ಲಿ ಲಬಡಬ ಲಬಡಬ ಮಾಡಿ ತೋರಿಸುತ್ತಿದ್ದಳು. ಒಮ್ಮೆ ಮಾತ್ರ ತಗ್ಗಿದ ದನಿಯಲ್ಲಿ, “ಅಕ್ಕಾರ, ಗೌಡ್ರು ಖರೇನ ಬರತೀನಂತ ಹೇಳಿರತಾರೇನ್ರಿ?” ಅಂತ ಕೇಳಿದಳು. “ದೊಡ್ಡವರ ಮಾತು ಬಿಡು” ಅಂದೆ. ಅವಳು ಸೆರಗು ಬಾಯಿಗಿಟ್ಟು ನಕ್ಕಳು.

ಈಗ ಊರವರ ತಲೆಯ ಕತೆ ಕೇಳಬೇಕು. ಗೌಡರು ದಿನಾ ಸೀಟು ಹಿಡಿಸುತ್ತಾರೆ, ದಿನಾ ಬರುವುದಿಲ್ಲ. ಯಾಕೆ? ಈ ಪ್ರಶ್ನೆಯನ್ನು ಬಸ್ಸು ಹುಬ್ಬಳ್ಳಿಯವರೆಗೂ ಅರೆಯಿತು. ಕೋರ್ಟು ವ್ಯಾಜ್ಯ ಎಂದರು ಕೆಲವರು. ಅದಕ್ಕೆ ಕಾರಿದೆಯಲ್ಲ, ಬಸ್ಸೇಕೆ? ಅದಕ್ಕೂ ಉತ್ತರ ಕೊಟ್ಟವರು ಮುಂದಿನ ಸೀಟಿನ ಕಾಕಾ. ಅವರು ಕಂಡಕ್ಟರನಿಗೆ ಪಿಸುದನಿಯಲ್ಲಿ ಹೇಳಿದ್ದು ಹಿಂದಿನ ಬಾಗಿಲವರೆಗೂ ಕೇಳಿಸಿತು. “ಗುಟ್ಟಿನ ಜಡ್ಡು ಅದು. ಕಾರಿನ ಡ್ರೈವರ್‌ಗೆ ಗೊತ್ತಾಗಬಾರದಂತ ಬಸ್ಸು. ದವಾಖಾನಿಗೆ ಹೊಂಟಿರತಾರ, ಕಡೀಕ ಕೂಡಾಕ ಆಗಂಗಿಲ್ಲ, ತಿರುಗಿ ಮನಿಗಿ ಹೋಗ್ತಾರ. ಮೂಲವ್ಯಾಧಿ. ಅಗದಿ ಜೋರ್ ಐತಿ.”

ಗೌಡರ ಸೊಸೆ ಗೌಡರ ಶಲ್ಯ ಇಟ್ಟು ಕಡೇ ಓಣಿಯ ಬಸುರಿಗೆ ಸೀಟು ಹಿಡಿಯುತ್ತಾಳೆ ಎನ್ನುವುದು, ಕಣ್ಣೆದುರೇ ದಿನಾ ನಡೆಯುತ್ತಿದ್ದರೂ, ಇಡೀ ಬಸ್ಸಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೂಲವ್ಯಾಧಿ ಹೊಳೆಯಿತು.

ಸುದ್ದಿ ನಮ್ಮ ಮನೆಗೆ ಮೂಲಂಗಿಯ ರೂಪದಲ್ಲಿ ಬಂತು. ಇಬ್ಬರು ಹಿರಿಯರು ಒಂದು ಕಟ್ಟು ಮೂಲಂಗಿ ಹಿಡಿದು ಜಗಲಿಗೆ ಬಂದು, “ಗೌಡ್ರ, ರಸಾ ಹಿಂಡಿ ಖಾಲಿ ಹೊಟ್ಟಿಲೆ ಕುಡೀರಿ. ಧೈರ್ಯ ಬಿಡಬ್ಯಾಡ್ರಿ, ಈಗಿನ ಕಾಲದಾಗ ಆಪರೇಶನ್ ಅಂದ್ರ ಏನೂ ಇಲ್ರಿ” ಅಂದರು.

“ಯಾರಿಗಲೇ ಆಪರೇಶನ್?” ಮಾವನವರು ಗುಡುಗಿದರು.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, “ಇರ್ಲಿ ಬಿಡ್ರಿ, ನಾವೇನ ಯಾರ ಮುಂದೂ ಹೇಳಂಗಿಲ್ಲ” ಎಂದು ಎದ್ದು ಹೋದರು. ಒಳಗೆ ಅತ್ತೆಯವರು ಕಣ್ಣಲ್ಲಿ ನೀರು ತಂದುಕೊಂಡಿದ್ದರು. “ಕಟಗೊಂಡ ಹೇಣ್ತಿ ಮುಂದೂ ಮುಚ್ಚಿಡೂ ಜಡ್ಡೇನ್ರಿ ಅದು?” ಅವತ್ತಿನಿಂದ ಮಾವನವರ ತಾಟಿನಿಂದ ಕೆಂಪು ಚಟ್ನಿ ಮಾಯವಾಯಿತು. ರಂಜಕವಿಲ್ಲದೆ ರೊಟ್ಟಿ ಮುಟ್ಟದ ಮನುಷ್ಯನ ಮುಂದೆ ಮಜ್ಜಿಗೆ ಅನ್ನ ಬಂತು. ಜಗಲಿಯ ಕುರ್ಚಿಯ ಮೇಲೆ ನಾಲ್ಕು ಮಡಿಕೆಯ ಕೌದಿ ಬಂತು. ಅವರು ಕೌದಿಯನ್ನು ಅಂಗಳಕ್ಕೆ ಒಗೆದರು. ಓಣಿಯವರು ಅದನ್ನು ನೋಡಿ, ಪಾಪ, ನೋವಿಗೆ ಸಿಟ್ಟು ಬರುತ್ತದೆ ಅಂದರು.

ನಾನು ಅಡುಗೆಮನೆಯಲ್ಲಿ ನಗು ತಡೆಯಲಾಗದೆ ಹಿಟ್ಟಿನ ಡಬ್ಬಿಯೊಳಗೆ ಮುಖ ಹಾಕಿದ್ದೆ. ನಿಜ ಹೇಳಿಬಿಡಬಹುದಿತ್ತು. ಹೇಳಿದರೆ ಶಲ್ಯ ಹೋಗುತ್ತದೆ, ಶಲ್ಯ ಹೋದರೆ ಅವಳು ಮತ್ತೆ ಕಂಬಿ ಹಿಡಿಯಬೇಕು. ಅವಳಿಗೆ ಏಳನೆಯ ತಿಂಗಳು ನಡೆದಿತ್ತು. ಇನ್ನೊಂದಿಷ್ಟು ದಿನ ಮಾವನವರು ಮಜ್ಜಿಗೆ ಅನ್ನ ಉಂಡರೆ ಏನೂ ಆಗುವುದಿಲ್ಲ, ಬಿಪಿಗೂ ಒಳ್ಳೆಯದು ಎಂದು ನನ್ನಷ್ಟಕ್ಕೆ ತೀರ್ಪು ಕೊಟ್ಟುಕೊಂಡೆ.

ಆದರೆ ಯಾರೋ ಪುಣ್ಯಾತ್ಮರು ಅವರಿಗೆ ಶಲ್ಯದ ಮಾತನ್ನೂ ಹೇಳಿಬಿಟ್ಟರು. ಒಂದು ಬೆಳಿಗ್ಗೆ, ಬಸ್ಸು ಹೊರಟು, ನಾನು ಶಲ್ಯ ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದೆ, ಅವಳು ಕೂತು ಇನ್ನೂ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಹಿಂದಿನಿಂದ ಯಾರೋ ಕೂಗಿಕೊಂಡರು. “ಹೋಲ್ಡಾನ್! ಹೋಲ್ಡಾನ್! ಗೌಡ್ರು ಬಂದ್ರು!” ಓಡಿ ಬರುವ ಹುಡುಗಿಯರಿಗೆ, ಕೂಸು ಎತ್ತಿಕೊಂಡವರಿಗೆ ಎಂದೂ ನಿಲ್ಲದ ಬಸ್ಸು ಗಕ್ಕನೆ ನಿಂತಿತು. ಕಚ್ಚೆ ಧೋತರ, ಹೆಗಲ ಮೇಲೆ ಇನ್ನೊಂದು ಶಲ್ಯ, ಮುಖದ ತುಂಬ ಸಿಟ್ಟು ಹೊತ್ತು ಮಾವನವರು ಹತ್ತಿದರು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಅವರಿಗೆ ದಾರಿಯಾಯಿತು.

ಅವರು ನನ್ನ ತೊಡೆಯ ಮೇಲಿನ ಶಲ್ಯ ನೋಡಿದರು. ನನ್ನನ್ನು ನೋಡಿದರು. ನಾನು ಸೆರಗು ಎಳೆದುಕೊಂಡೆ. ಅವರು ಬಾಯಿ ತೆರೆಯುವಷ್ಟರಲ್ಲಿ ನನ್ನ ಬಾಜಿನವಳು ಎದ್ದೇಬಿಟ್ಟಿದ್ದಳು. ಯಾರೂ ಹೇಳಿರಲಿಲ್ಲ. ಅವಳ ಮೈ ತಾನೇ ಎದ್ದಿತ್ತು.

“ಆರಾಮ ಆತೇನ್ರಿ ಗೌಡ್ರ? ಕೂಡಾಕ ಬರತೈತ್ರಿ?” ಕಾಕಾ ಕಾಳಜಿಯಿಂದ ಕೇಳಿದರು.

ಅಷ್ಟು ಸಾಕಾಯಿತು. ಮಾವನವರು ಇಡೀ ಬಸ್ಸಿಗೆ ಕಾಣುವ ಹಾಗೆ ಧಪ್ಪನೆ ಕೂತರು. ಕೂತು, ಒಮ್ಮೆ ಮೇಲೆದ್ದು, ಮತ್ತೊಮ್ಮೆ ಧಪ್ಪನೆ ಕೂತು ತೋರಿಸಿದರು. “ಕುಂತ್ರು, ಗೌಡ್ರು ಕುಂತ್ರು” ಎಂಬ ಗುಜುಗುಜು ಹಿಂದಿನವರೆಗೆ ಹೋಯಿತು. ಹಿಂದೆ ಯಾರೋ, ಮೂಲಂಗಿ ಹತ್ತಿತು ನೋಡ್ರಿ ಅಂದರು. ನನಗೆ ನಗು ಒತ್ತರಿಸಿ ಬಂತು. ಅಷ್ಟರಲ್ಲಿ ಬಸ್ಸು ಒಂದು ತಗ್ಗಿಗೆ ಬಿದ್ದೆದ್ದಿತು. ಅವಳು ಮುಗ್ಗರಿಸಿ, ಹೊಟ್ಟೆಗೆ ಅಡ್ಡ ಕೈ ಕೊಟ್ಟು, ಕಂಬಿಗೆ ಜೋತುಬಿದ್ದಳು. ನನ್ನ ನಗು ಅಲ್ಲೇ ಸತ್ತಿತು.

ಮದುವೆಯಾಗಿ ಬಂದಾಗಿನಿಂದ ಮಾವನವರ ಎದುರು ದನಿ ಎತ್ತಿದವಳಲ್ಲ. ಅವತ್ತು ಎತ್ತಿದೆ. “ಮಾವಾರ, ಆಕಿ ಏಳ ತಿಂಗಳ ಹೊಟ್ಟಿಲೆ ಅದಾಳ್ರಿ. ಹೋದ ವರ್ಷ ಒಂದು ಕಳಕೊಂಡಾಳ. ಆಕಿಗಂತ ನಾನ ನಿಮ್ಮ ಶಲ್ಯ ತರತಿದ್ದೆ. ಏಳ್ರಿ.”

ಅವರು ತಲೆ ಬಗ್ಗಿಸಿ ಪಿಸುಗುಟ್ಟಿದರು. “ಈಗ ಎದ್ರ ಈ ಮಂದಿ ಏನಂತಾರ ಗೊತ್ತೈತಿ ಏನವಾ?”

“ಗೊತ್ತೈತ್ರಿ.”

ಅವರು ಅವಳನ್ನು ನೋಡಿದರು. ಬಹುಶಃ ಅದೇ ಮೊದಲು ನೋಡಿದ್ದು. ಅವಳ ಗಂಡ ದಿನಾ ನಮ್ಮ ಕಣದಲ್ಲಿರುತ್ತಾನೆ, ಅವಳ ಅತ್ತೆ ನಮ್ಮ ಹೊಲದ ಕಳೆ ಕಿತ್ತಿದ್ದಾಳೆ, ಆದರೂ ಅವರ ಕಣ್ಣು ಇವಳು ಯಾರ ಪೈಕಿ ಎಂದು ಹುಡುಕುತ್ತಿತ್ತು. ಆಮೇಲೆ ಎದ್ದರು. “ಕೂಡಬೇ” ಅಂದರು.

“ಇರ್ಲಿ ಬಿಡ್ರಿ ಯಪ್ಪಾ, ನಂಗ ರೂಢಿ ಐತ್ರಿ.”

“ನನಗಿಲ್ಲ. ಅದಕ್ಕ ನಿಂತೀನಿ. ಕೂಡು ಸುಮ್ನ.”

ಅವಳು ಸೀಟಿನ ಅಂಚಿಗೆ ಕೂತಳು. ಅಷ್ಟೇ ಹೊತ್ತು. ಗೌಡರು ನಿಂತದ್ದು ಕಂಡು ಕಾಕಾ ಚಂಗನೆ ಎದ್ದರು. “ಬರ್ರಿ ಗೌಡ್ರ, ಇಲ್ಲಿ ಬರ್ರಿ.” ಅವರ ಬಾಜಿನವರು ಎದ್ದರು. ಆಚೆ ಸಾಲಿನವರು ಎದ್ದರು. ಹಿಂದಿನವರೂ ಎದ್ದರು. ಶಲ್ಯ ಹಾಸದೆ ಒಬ್ಬ ಬಸುರಿಗೆ ಒಂದು ಸೀಟು ಸಿಗದ ಬಸ್ಸಿನಲ್ಲಿ ಈಗ ಎಲ್ಲಿ ನೋಡಿದಲ್ಲಿ ಸೀಟು! ಆಹಾ, ಈ ಗಂಡಸರ ಕಾಲಿಗೆ ಎಷ್ಟು ಬಲವಿತ್ತು, ಸುಮ್ಮನೆ ಸವೆಯಬಾರದೆಂದು ಮುಚ್ಚಿಟ್ಟಿದ್ದರು.

ಮಾವನವರು ಎಲ್ಲರನ್ನೂ ಒಮ್ಮೆ ನೋಡಿ, “ನಾ ಕೂಡಂಗಿಲ್ಲ. ನೀವ ಕೂಡ್ರಿ” ಅಂದರು. ಗೌಡರು ನಿಂತಿರುವಾಗ ಕೂಡುವವನು ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ. ಒಬ್ಬನೂ ಕೂಡಲಿಲ್ಲ. ಸೀಟುಗಳು ಹಾಗೇ ಖಾಲಿ ಬಿದ್ದವು. ಮೊದಲು ಮೊಸರು ಮಾರುವ ಮುದುಕಿ ಕೂತಳು. “ಮದಿವ್ಯಾಗಿ ಬಂದಾಗಿಂದ ಕಿಟಕಿ ಬಾಜು ಕುಂತಿದ್ದಿಲ್ಲ ನಾ” ಎಂದು ಹೊರಗೆ ತಲೆ ಹಾಕಿದಳು. ಆಮೇಲೆ ಸಂತೆಯವರು, ಕೂಲಿಯವರು, ಕಾಲೇಜು ಹುಡುಗಿಯರು, ಎಲ್ಲ ಓಣಿಯವರೂ ಸೀಟು ತುಂಬಿದರು. ಹುಬ್ಬಳ್ಳಿಯ ಹಳೇ ಬಸ್‌ಸ್ಟ್ಯಾಂಡಿನವರೆಗೆ ಅಷ್ಟೂ ಗಂಡಸರು ಕಂಬಿ ಹಿಡಿದು ಜೋಲಿ ಹೊಡೆಯುತ್ತ ಬಂದರು. ಕುಂದಗೋಳ ದಾಟುವಾಗ ಮಾವನವರು ಎರಡೂ ಕೈಯಲ್ಲಿ ಕಂಬಿಗೆ ಜೋತುಬಿದ್ದಿದ್ದರು, ಆದರೆ ಕೂಡಲಿಲ್ಲ. ಕೂತರೆ ಗಂಡಸರೆಲ್ಲ ಕೂಡುತ್ತಾರೆ ಎಂದು ಅವರಿಗೂ ಅರ್ಥವಾಗಿತ್ತು ಅನ್ನಿಸುತ್ತದೆ. ಇಳಿದವರೇ ಡ್ರೈವರನಿಗೆ ಫೋನು ಹಚ್ಚಿ ಕಾರು ತರಿಸಿಕೊಂಡು ಮನೆಗೆ ಹೋದರು.

ನಾನು ಬಸ್ಸಿನಲ್ಲಿ ನಿಜ ಹೇಳಿದ್ದರೂ, ಅವರಿಗೆ ಕೂಡಲಾಗುವುದಿಲ್ಲ ಎನ್ನುವುದೇ ಅವತ್ತಿಗೆ ಊರಿಗೆಲ್ಲ ಪಕ್ಕಾ ಆಯಿತು. ಸಂಜೆ ಮತ್ತೆರಡು ಕಟ್ಟು ಮೂಲಂಗಿ ಬಂತು. ಮಾವನವರು ಈ ಸಲ ಕೈಯೊಡ್ಡಿ ಇಸಿದುಕೊಂಡರು. ಮರುದಿನ ನಾನು ಹೊರಡುವಾಗ ಮಂಚದ ಮೇಲೆ ಮೊಣಕಾಲು ನೀವಿಕೊಳ್ಳುತ್ತ, “ಯವ್ವಾ, ಶಲ್ಯ ತಗೊಂಡಿ ಏನು?” ಎಂದು ಕೂಗಿ ಕೇಳಿದರು. ನನ್ನ ಕಣ್ಣು ತುಂಬಿ ಬಂದವು, ತಗೊಂಡೀನ್ರಿ ಅಂದೆ.

ಬಸ್ಸಿನಲ್ಲಿ ಗಂಡಸರೆಲ್ಲ ನಿನ್ನೆ ಏನೂ ಆಗಿಲ್ಲವೆಂಬಂತೆ ಕೂತಿದ್ದರು. ಕಾಕಾ ಕೆಂಪಕ್ಷರದ ಬುಡದಲ್ಲಿ ಮೊದಲಿನ ಹಾಗೇ ಇದ್ದರು. ನಾನು ಬಾಜು ಸೀಟಿಗೆ ಶಲ್ಯ ಹಾಸಿದೆ. ಅವಳು ಹತ್ತಿದಳು. ನನ್ನ ಹತ್ತಿರ ಬರಲಿಲ್ಲ. ಕಾಕಾನ ಎದುರು ಹೋಗಿ ನಿಂತಳು.

“ಕಾಕಾ, ಏಳ್ರಿ.”

“ಅಲ್ಲಿ ಹಿಡಿದಿಟ್ಟಾರಲ್ಲವಾ ನಿನಗ, ಅಕ್ಕಾರ ಬಾಜು. ಅಲ್ಲಿ ಹೋಗು.”

“ಅದು ಗೌಡ್ರ ಸೀಟ್ರಿ. ನನ್ನ ಸೀಟು ಇದು” ಎಂದು ಅವರ ತಲೆಯ ಮೇಲಿನ ಅಕ್ಷರ ತೋರಿಸಿದಳು. ದನಿ ಬಸ್ಸಿಗೆಲ್ಲ ಕೇಳುವಷ್ಟಿತ್ತು. “ನಿನ್ನಿ ಹುಬ್ಬಳ್ಳಿತನಕ ನಿಂತ ಬಂದ್ರಲ್ಲ, ಏನೂ ಆಗಲಿಲ್ಲ. ಇವತ್ತೂ ಏನೂ ಆಗಂಗಿಲ್ಲ. ಏಳ್ರಿ.”

ಕಾಕಾ ನನ್ನ ಮುಖ ನೋಡಿದರು, ಕಂಡಕ್ಟರನ ಮುಖ ನೋಡಿದರು, ಹಿಂದೆ ತಿರುಗಿ ಹೌದ್ರಿ ಹೌದ್ರಿ ಅನ್ನುವವರನ್ನು ಹುಡುಕಿದರು. ಅವರೆಲ್ಲ ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರು ಎದ್ದರು, ಅವಳು ಕೂತಳು.